ಗಾಲಿಯ ಆಲಾಪ

ನಮ್ಮ ಪಿಕಪ್ ಹಾಡುತ್ತದೆ ಎಂಬುದನ್ನು ಮೊದಲು ಪತ್ತೆ ಹಚ್ಚಿದವರು ನಮ್ಮ ಬೀಗರು.

ಬೀಗರನ್ನು ಮಾಲು ಹೇರುವ ಗಾಡಿಯಲ್ಲಿ ಕೂರಿಸಿ ಕಳಿಸುವುದು ಮರ್ಯಾದಸ್ತರು ಮಾಡುವ ಕೆಲಸವಲ್ಲ. ಆದರೆ ದಸರೆ ಮುಗಿದ ವಾರ, ರೋಣದ ಬಸ್‌ಸ್ಟ್ಯಾಂಡಿನಲ್ಲಿ ಗಜೇಂದ್ರಗಡದ ಬಸ್ಸು ನಮ್ಮ ಕಣ್ಣೆದುರೇ ಹೊಗೆ ಬಿಟ್ಟು ಹೋಯಿತು. ಹೆಚ್ಚಾಗಿ ಗಾಡಿ ಓಡಿಸುವ ನನ್ನ ತಮ್ಮ ಹೊಲದಲ್ಲಿದ್ದ, ಕೀಲಿ ನನ್ನ ಕಿಸೆಯಲ್ಲಿತ್ತು. “ಬರ್ರಿ, ನಾನ ಬಿಟ್ಟ ಬರತೀನಿ” ಎಂದೆ. ಹಿಂದೆ ಉಳ್ಳಾಗಡ್ಡಿ ಸಿಪ್ಪೆ, ಮುಂದೆ ಬೀಗರು. ಹೊರಟೆವು.

ಊರು ದಾಟಿ ನಾಲ್ಕು ಹೊಲ ಹಿಂದೆ ಬಿದ್ದ ಮೇಲೆ ಬೀಗರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, “ಮಾಸ್ತರ, ಗಾಡಿ ಭಾಳ ಚಲೋ ಹಾಡತೈತ್ರಿ” ಎಂದರು.

“ಇಲ್ರಿ, ಟೇಪ್ ಕೆಟ್ಟು ಎರಡು ವರ್ಷ ಆತು.”

“ಟೇಪ್ ಅಲ್ರಿ. ಮುಂದಿನ ಎಡಗಾಲಿ.”

ಕಿವಿಗೊಟ್ಟೆ. ಹೌದು. ಎಂಜಿನ್ನಿನ ಗದ್ದಲದ ಕೆಳಗೆ, ತಂಬೂರಿ ಮೀಟಿ ಬಿಟ್ಟ ಹಾಗೆ, ಗುಂಯ್ ಎಂಬ ಒಂದು ನಾದ. ವೇಗ ಹೆಚ್ಚಿಸಿದರೆ ಏರುತ್ತಿತ್ತು, ಇಳಿಸಿದರೆ ಇಳಿಯುತ್ತಿತ್ತು. ರಸ್ತೆ ಬಲಕ್ಕೆ ಹೊರಳಿದಾಗ ಗಾಡಿಯ ಭಾರವೆಲ್ಲ ಎಡಗಡೆಗೆ ವಾಲಿ ನಾದ ತಾರಕಕ್ಕೆ ಹೋಗುತ್ತಿತ್ತು. ಎಡಕ್ಕೆ ಹೊರಳಿದರೆ ಮಂದ್ರಕ್ಕೆ ಬರುತ್ತಿತ್ತು. ಎಷ್ಟು ದಿನದಿಂದ ಹೀಗೆ ಹಾಡುತ್ತಿತ್ತೋ, ನನ್ನ ಕಿವಿಗೆ ಮಾತ್ರ ಬಿದ್ದಿರಲಿಲ್ಲ.

ಇದು ನಾಚಿಕೆಯ ಸಂಗತಿ. ಏಕೆಂದರೆ ರೋಣದವರಾದ ನಾವು ಸಂಗೀತದ ವಿಷಯದಲ್ಲಿ ಸ್ವಲ್ಪ ಜಂಬದ ಜನ. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ನಮ್ಮ ಊರಲ್ಲಿ. ಹೊರಗಿನವರು ಯಾರಾದರೂ ಗದಗಿನ ಹೆಸರು ಹೇಳಿದರೆ ನಾವು ತಡೆದು ತಿದ್ದುತ್ತೇವೆ. ಒಂದು ಸಾಲು ಹಾಡಲು ಬಾರದವನೂ ಇಲ್ಲಿ ಗಂಟಲು ಸರಿಮಾಡಿಕೊಳ್ಳುವಾಗ ಕಿವಿಯ ಮೇಲೆ ಕೈ ಇಟ್ಟುಕೊಳ್ಳುತ್ತಾನೆ. ಅಂಥ ಊರಿನವನಾದ ನನಗೆ, ನನ್ನ ಎಡಗಾಲಿನಿಂದ ಕೆಲವೇ ಮೊಳ ಆಚೆ ನಡೆಯುತ್ತಿದ್ದ ಆಲಾಪ ಕೇಳಿಸಿರಲಿಲ್ಲ. ಕೇಳಿಸಿದ್ದು ಗಜೇಂದ್ರಗಡದ ಬೀಗರಿಗೆ.

ಅಷ್ಟರಲ್ಲಿ ರಸ್ತೆಗೆ ಕುರಿ ಹಿಂಡು ಇಳಿಯಿತು. ನಾನು ಎಂದಿನಂತೆ ಬ್ರೇಕನ್ನು ಒಮ್ಮೆ ತುಳಿದೆ, ಬಿಟ್ಟೆ, ಮತ್ತೊಮ್ಮೆ ತುಳಿದೆ. ಕೊನೆಯ ಕುರಿಯ ಬಾಲಕ್ಕೂ ನಮ್ಮ ಬಂಪರಿಗೂ ನಡುವೆ ಒಂದು ಗೇಣು ಉಳಿಯಿತು. ಪಕ್ಕಕ್ಕೆ ನೋಡಿದರೆ ಬೀಗರ ಎರಡೂ ಕಾಲು ತಮ್ಮ ಮುಂದಿದ್ದ ತಗಡನ್ನು ಬಲವಾಗಿ ಒತ್ತಿ ಹಿಡಿದಿದ್ದವು. ಅಲ್ಲಿ ಬ್ರೇಕ್ ಇಲ್ಲವೆಂಬುದು ಅವರಿಗೂ ಗೊತ್ತಿತ್ತು.

“ಇದಕ ಎರಡ ಸಲ ತುಳೀಬೇಕೇನ್ರಿ?”

“ಹೌದ್ರಿ. ಮೊದಲಿನಿಂದ ಹಂಗ ಐತಿ.”

ಬೀಗರು ಮುಂದೆ ಏನೂ ಕೇಳಲಿಲ್ಲ. ಅವರನ್ನಿಳಿಸಿ ಒಬ್ಬನೇ ತಿರುಗಿ ಬರುವಾಗ ನನ್ನ ಮಾತು ನನಗೇ ಕುಟುಕತೊಡಗಿತು. ಮೊದಲಿನಿಂದ ಹಾಗೆಲ್ಲಿತ್ತು? ಈ ಗಾಡಿ ಕೊಂಡಾಗ ಬ್ರೇಕ್ ತುಳಿದರೆ ಹಿಂದಿನ ಚೀಲ ಮುಂದೆ ಬರುತ್ತಿದ್ದವು. ಆಮೇಲೆ ದಿನಕ್ಕೆ ಒಂದು ಕೂದಲೆಳೆಯಷ್ಟು ಪೆಡಲ್ ಕೆಳಗೆ ಹೋಗಿರಬೇಕು. ದಿನಕ್ಕೆ ಒಂದು ಕೂದಲೆಳೆಯಷ್ಟು ನನ್ನ ಕಾಲೂ ಅದನ್ನು ಹಿಂಬಾಲಿಸಿ ಹೋಗಿದೆ. ಸವೆಯುವುದು ಪೆಡಲ್ಲು, ರೂಢಿಯಾಗುವುದು ಕಾಲು. ಇಬ್ಬರೂ ಕೂಡಿ ನನಗೆ ಸುದ್ದಿ ಹತ್ತಗೊಡಲಿಲ್ಲ.

“ಮೊದಲಿನಿಂದ ಹಂಗ ಐತಿ” ಎನ್ನುವುದು ನಮ್ಮ ಕಡೆ ಬಹಳ ಭಾರ ಹೊರುವ ಮಾತು. ನಮ್ಮ ಶಾಲೆಯಲ್ಲಿ ಏಳನೇ ಇಯತ್ತೆಯ ಕೋಣೆಗೊಂದು ಬಾಗಿಲಿತ್ತು. ಮುಚ್ಚಬೇಕಾದರೆ ಮೊಣಕಾಲಿನಿಂದ ಒಂದಿಷ್ಟು ಮೇಲೆತ್ತಿ ತಳ್ಳಬೇಕು. ಇಡೀ ಇಯತ್ತೆಯ ಹುಡುಗರಿಗೆ ಆ ಮೊಣಕಾಲಿನ ವಿದ್ಯೆ ಬಾಯಿಪಾಠಕ್ಕಿಂತ ಚೆನ್ನಾಗಿ ಬರುತ್ತಿತ್ತು. ವರ್ಗವಾಗಿ ಬಂದ ಹೊಸ ಮಾಸ್ತರರೊಬ್ಬರು, ಬಾಗಿಲು ಎಂದರೆ ಎಳೆದರೆ ಮುಚ್ಚುವ ವಸ್ತು ಎಂದು ನಂಬಿ ಎಳೆದರು. ಬಾಗಿಲು ಚೌಕಟ್ಟು ಬಿಟ್ಟು ಅವರ ಕೈಗೇ ಬಂತು. ನಾವೆಲ್ಲ ಅವರನ್ನೇ ನೋಡಿದೆವು, ಅವರೇ ಮುರಿದರೆಂಬಂತೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಎಂಬತ್ತರ ಹತ್ತಿರ, ಕಿವಿ ಮಂದ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದವರು, “ಗಾಲಿಗೆ ಎಣ್ಣಿ ಯಾವಾಗ ಹಾಕಿದ್ದೀ?” ಎಂದರು.

“ಇದಕ್ಕೆ ಎಣ್ಣಿ ಇರೂದಿಲ್ಲಪಾ, ಬೇರಿಂಗ್ ಇರತೈತಿ.”

“ಬೇರಿಂಗ್ ಒಳಗ ಏನ ಇರತೈತಿ?”

“ಗ್ರೀಸ್.”

“ಮತ್ತ? ಅದಕ್ಕ ಕೀಲೆಣ್ಣಿ ಅಂತಿದ್ವಿ ನಾವು.”

ನನಗೂ ನೆನಪಾಯಿತು. ನಮ್ಮ ಚಕ್ಕಡಿಯ ಕೆಳಗೆ, ಅಚ್ಚಿನ ಪಕ್ಕ, ಒಂದು ಬಿದಿರಿನ ಗೊಟ್ಟ ತೂಗುತ್ತಿತ್ತು. ಅದರೊಳಗೆ ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೂದಿ ಕಲಸಿದ ಮಂದನೆಯ ಕೀಲೆಣ್ಣಿ, ಅದರಲ್ಲೊಂದು ಅರಿವೆ ಸುತ್ತಿದ ಕಡ್ಡಿ. ದೂರದ ದಾರಿ ಹೊರಡುವ ಮೊದಲು ಅಪ್ಪ ಕಡಾಣಿ ತೆಗೆದು, ಗಾಲಿಯನ್ನು ಅಚ್ಚಿನ ತುದಿಗೆ ಸರಿಸಿ, ಕಡ್ಡಿಯಿಂದ ಎಣ್ಣೆ ಸವರಿ, ಗಾಲಿಯನ್ನು ಒಳಗೆ ತಳ್ಳಿ ಮತ್ತೆ ಕಡಾಣಿ ಬಡಿಯುತ್ತಿದ್ದರು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟಾಗಲಂತೂ ನಡುದಾರಿಯಲ್ಲೂ ಒಮ್ಮೆ ಇಳಿದು ಮಾಡುತ್ತಿದ್ದರು. ಆ ನೆಪದಲ್ಲಿ ಗಾಲಿ ಎಷ್ಟು ಅಲ್ಲಾಡುತ್ತದೆ, ಅಚ್ಚು ಎಲ್ಲಿ ತಿಂದಿದೆ, ಎಲ್ಲವೂ ಕೈಗೆ ಹತ್ತುತ್ತಿತ್ತು. ನಮ್ಮ ಪಿಕಪ್ಪಿನ ಗಾಲಿಯ ನಡುವೆ ಒಂದು ತಗಡಿನ ಮುಚ್ಚಳವಿದೆ. ಅದರ ಒಳಗೆ ಏನಿದೆ ಎಂದು ಕೊಂಡ ದಿನದಿಂದ ನಾನು ತೆಗೆದು ನೋಡಿಲ್ಲ. ನೋಡದೆ ನಡೆಯುತ್ತದೆ ಎಂಬುದೇ ಅದರ ಸೊಬಗು, ಅದರ ಮೋಸ ಕೂಡ.

ಮರುದಿನ ಭಾನುವಾರ. ಗಾಡಿಯನ್ನು ಗ್ಯಾರೇಜಿಗೆ ಒಯ್ದೆ. ಗ್ಯಾರೇಜು ಅಂದರೆ ಒಂದು ಬೇವಿನ ಮರ, ಅದಕ್ಕೆ ಒರಗಿಸಿದ ನಾಲ್ಕು ತಗಡು, ಡೀಸೆಲ್ ಕುಡಿದು ಕುಡಿದು ಡಾಂಬರಿನಂತಾದ ನೆಲ. ಅಲ್ಲಿಯ ಮಿಸ್ತ್ರಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಪಾನಾ ಹಿಡಿದವರು. ನಾನು ಮಾಸ್ತರ ಎಂಬ ಕಾರಣಕ್ಕೆ ನನ್ನನ್ನು ಕಂಡಾಗಲೆಲ್ಲ ಅವರಿಗೆ ಪಾಠ ಮಾಡುವ ಉಮೇದು.

“ಸಪ್ಪಳ ಬರತೈತ್ರಿ” ಎಂದೆ.

“ನನಗ ಹೇಳಬ್ಯಾಡ್ರಿ, ಅದಕ್ಕ ಹೇಳಾಕ ಬಿಡ್ರಿ” ಎಂದು ಜಾಕ್ ಹಚ್ಚಿದರು. ಎಡಗಾಲಿ ನೆಲ ಬಿಟ್ಟು ಎದ್ದಿತು. ಅದರ ನೆತ್ತಿಗೊಂದು ಕೈ, ಬುಡಕ್ಕೊಂದು ಕೈ ಹಿಡಿದು, ಹಾಲು ಹಲ್ಲು ಅಲ್ಲಾಡಿಸಿ ನೋಡುವಂತೆ ಅಲ್ಲಾಡಿಸಿದರು. ಕಟಕ್, ಕಟಕ್. ಆಮೇಲೆ ಗಾಲಿಯನ್ನು ಗಿರ್ರನೆ ತಿರುಗಿಸಿ, ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಒಳಗಿನ ಕಬ್ಬಿಣಕ್ಕೆ ಹಚ್ಚಿ, ಹಿಡಿಕೆಯನ್ನು ತಮ್ಮ ಕಿವಿಗೊತ್ತಿ ಕಣ್ಣು ಮುಚ್ಚಿದರು. ಡಾಕ್ಟರರು ಎದೆ ನೋಡಿದಂತೆ. ನಂತರ ನನ್ನ ಕಿವಿಗೂ ಹಚ್ಚಿದರು. ಒಳಗೆ ಯಾರೋ ಉಸುಕು ಬೀಸುತ್ತಿದ್ದರು.

“ಕೇಳಿದ್ರಿಲ್ಲ? ಬೇರಿಂಗ್ ಹೋಗೇತಿ.”

ಗಾಲಿ ಕಳಚಿ, ಬ್ರೇಕಿನ ಕ್ಯಾಲಿಪರನ್ನು ಬಿಚ್ಚಿ ತಂತಿಯಿಂದ ಪಕ್ಕಕ್ಕೆ ತೂಗುಹಾಕಿ, ನಡುವಿನ ತಗಡಿನ ಮುಚ್ಚಳವನ್ನು ಛನ್ನಿಯಿಂದ ಮೆಲ್ಲಗೆ ಎಬ್ಬಿಸಿದರು. ಒಳಗೊಂದು ನಟ್ಟು, ಅದು ಬಿಚ್ಚಿಕೊಳ್ಳದಂತೆ ಅಡ್ಡ ತೂರಿಸಿದ ಪಿನ್ನು. ಅಪ್ಪನ ಕಡಾಣಿಯೇ, ಸಣ್ಣದಾಗಿ ಬಂದು ಕೂತಿತ್ತು. ನಟ್ಟು ತೆಗೆದು ಹಬ್ಬನ್ನು ಹೊರಗೆಳೆದರು. ಹಚ್ಚುವಾಗ ಬೆಣ್ಣೆಯಂತಿರುವ ಗ್ರೀಸು ಸೀದ ಪಾಕವಾಗಿತ್ತು. ಮಿಸ್ತ್ರಿ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ನನ್ನ ಬೆರಳಿಗೂ ಒಂದಿಷ್ಟು ಹಚ್ಚಿ, “ಏನ ಹತ್ತತೈತಿ?” ಎಂದರು. ಜಿಡ್ಡಿನೊಳಗೆ ಸಣ್ಣಗೆ ಮರಳು ಚುಚ್ಚುತ್ತಿತ್ತು.

“ನಿಮ್ಮ ಹೊಲ ಎಲ್ಲಿ ಬರತೈತ್ರಿ?”

“ಯಾವಗಲ್ಲ ಕಡೆ, ಬೆಣ್ಣೆಹಳ್ಳದ ಬಾಜು.”

“ಮತ್ತ ಕೇಳೂದ ಬ್ಯಾಡ.”

ರೋಣ, ನರಗುಂದ ತಾಲ್ಲೂಕಿನವರಿಗೆ ಬೆಣ್ಣೆಹಳ್ಳದ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಹಳ್ಳ, ಮಳೆ ಹಿಡಿದರೆ ಸಮುದ್ರ. ಮಲಪ್ರಭೆಯನ್ನು ಸೇರುವ ಅವಸರದಲ್ಲಿ ಅದು ಎರಡೂ ದಂಡೆಯ ಎರೆ ಹೊಲಗಳನ್ನು ಮುಳುಗಿಸಿ ನಡೆಯುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಕೊಣ್ಣೂರಿಗೆ ನುಗ್ಗಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯೇ ಕಡಿದುಹೋದದ್ದನ್ನು ನೋಡಿದವರು ನಾವು. ನೀರು ಇಳಿದ ಮೇಲೆ ಉಳಿಯುವ ಎರೆ ಮಣ್ಣು ಇನ್ನೊಂದು ಕಥೆ. ಒಣಗಿದರೆ ಕಾಲು ಸಿಗುವಷ್ಟು ಬಿರುಕು, ತೊಯ್ದರೆ ಉಬ್ಬಿ ಅಂಟು. ಅದು ಚಪ್ಪಲಿಗೆ ಹತ್ತಿದರೆ ಚಪ್ಪಲಿಯನ್ನೇ ಇಟ್ಟುಕೊಳ್ಳುತ್ತದೆ.

ಆದರೆ ಕೆಟ್ಟದ್ದು ಮಣ್ಣಿನಿಂದಲ್ಲ, ನನ್ನ ಶ್ರದ್ಧೆಯಿಂದ ಎಂದು ಮಿಸ್ತ್ರಿ ತೋರಿಸಿಕೊಟ್ಟರು. ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೆ ಉಳ್ಳಾಗಡ್ಡಿ ಇಳಿಸಿ ಬಂದವನು ಗಾಡಿಯನ್ನು ನೇರ ಹಳ್ಳಕ್ಕಿಳಿಸಿ ತೊಳೆಯುತ್ತಿದ್ದೆ. ಗಾಡಿ ಸ್ವಚ್ಛ ಇರಬೇಕಲ್ಲ. ನೂರು ಕಿಲೋಮೀಟರಿನ ಹತ್ತಿರ ಓಡಿ ಬಂದ ಹಬ್ಬು ಕಾದಿರುತ್ತದೆ. ಒಳಗಿನ ಗಾಳಿ ಹಿಗ್ಗಿರುತ್ತದೆ. ತಣ್ಣೀರಿಗೆ ಇಳಿದೊಡನೆ ಅದು ಕುಗ್ಗಿ ಒಳಗೆ ಎಳೆಯುತ್ತದೆ. ಸೀಲು ಒಂದಿಷ್ಟು ಸವೆದಿದ್ದರೂ ಸಾಕು, ನೀರು, ನೀರಿನ ಜೊತೆ ಎರೆ, ಒಳಗೆ ಹೋಗಿ ಕೂರುತ್ತವೆ. “ಕಾದ ಹಂಚಿನ ಮ್ಯಾಲ ನೀರು ಚಿಮುಕಿಸಿದಂಗ. ನೀವು ಗಾಡಿ ತೊಳದಿಲ್ರಿ ಮಾಸ್ತರ, ಗಾಡಿಗೆ ಹಳ್ಳ ಕುಡಿಸೀರಿ.”

ಎರಡನೇ ತಪ್ಪು ಚೀಲಗಳದ್ದು. ಗಾಡಿಯ ಕಾಗದದಲ್ಲಿ ಒಂದೂವರೆ ಟನ್ ಎಂದಿದೆ. ಅಂದರೆ ಐವತ್ತು ಕಿಲೋದ 30 ಚೀಲ. ನಾವು ಹೇರುವುದು 45. ಉಳ್ಳಾಗಡ್ಡಿ ದರ ಬಿದ್ದಾಗ ಬಾಡಿಗೆ ಉಳಿಸಲು ಹೆಚ್ಚು ಹೇರುತ್ತೇವೆ, ದರ ಎದ್ದಾಗ ಹುರುಪಿಗೆ ಹೆಚ್ಚು ಹೇರುತ್ತೇವೆ. ರೋಲರ್ ಬೇರಿಂಗಿನ ಲೆಕ್ಕವೊಂದಿದೆ: ಅದರ ಮೇಲಿನ ಭಾರ ಇಮ್ಮಡಿಯಾದರೆ ಅದರ ಆಯುಷ್ಯ ಅರ್ಧಕ್ಕಲ್ಲ, ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಣಿತ ಕಲಿಸುವ ನಾನು ತ್ರೈರಾಶಿಯಲ್ಲಿ ಬದುಕಿದ್ದೆ, ಕಬ್ಬಿಣ ಘಾತದಲ್ಲಿ ಲೆಕ್ಕ ಹಾಕುತ್ತಿತ್ತು.

ತೊಳೆದ ಬೇರಿಂಗನ್ನು ಬಿಸಿಲಿಗೆ ಹಿಡಿದು ನೋಡಿದೆವು. ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಇರುವ ಉಕ್ಕಿನ ಉರುಳೆಗಳು, ಒಂದು ಕೋನಿನ ಸುತ್ತ ಕೈ ಕೈ ಹಿಡಿದು ನಿಂತ ಹಾಗೆ. ಹೊಸದಾಗಿದ್ದಾಗ ಕನ್ನಡಿಯಂತಿದ್ದವು ಈಗ ಅಲ್ಲಲ್ಲಿ ಸುಟ್ಟು ನೀಲಿಯಾಗಿದ್ದವು. ಅವು ಉರುಳುವ ಕಪ್ಪಿನ ಮೈಮೇಲೆ ಮೈಲಿ ಬೇನೆ ಎದ್ದ ಮುಖದಂತೆ ಕುಳಿಗಳು. ಗುಂಯ್ ಎಂದು ಹಾಡುತ್ತಿದ್ದುದು ಈ ಕುಳಿಗಳೇ.

ಉರುಳೆಗಳು ಓರೆಯಾಗಿ ಏಕಿವೆ ಎಂಬುದಕ್ಕೂ ಗಾಡಿಕಾರನದೇ ಕಥೆ. ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಕುದುರೆಗಾಡಿ ಮಾಡುತ್ತಿದ್ದ ಹೆನ್ರಿ ಟಿಮ್ಕೆನ್, ಗಾಡಿ ತಿರುವಿನಲ್ಲಿ ಹೊರಳುವಾಗ ಗಾಲಿಯ ಮೇಲೆ ಮೇಲಿನಿಂದ ಬೀಳುವ ಭಾರವಲ್ಲದೆ ಪಕ್ಕಕ್ಕೆ ತಳ್ಳುವ ಒತ್ತಡವೂ ಇರುತ್ತದೆಂದು ಕಂಡವನು. ನೇರ ಉರುಳೆ ಆ ತಳ್ಳುವಿಕೆಯನ್ನು ತಡೆಯಲಾರದು. ಉರುಳೆಯನ್ನು ಓರೆ ಮಾಡಿದರೆ ಎರಡನ್ನೂ ಹೊರುತ್ತದೆ. ಅದಕ್ಕೆ 1898ರಲ್ಲಿ ಪೇಟೆಂಟು ಪಡೆದ. ಮೋಟಾರು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ನಮ್ಮ ಪಿಕಪ್ಪಿನ ಗಾಲಿಯೊಳಗಿರುವುದು ಮೂಲತಃ ಕುದುರೆಗಾಡಿಯ ಬುದ್ಧಿ.

ಹೊಸ ಬೇರಿಂಗು ತರಲು ಹೊರಟಾಗ ಮಿಸ್ತ್ರಿ ಹಳೆಯದನ್ನು ಅರಿವೆಯಿಂದ ಒರೆಸಿ ಅದರ ಅಂಚಿನಲ್ಲಿ ಕೊರೆದ ಅಂಕಿ ತೋರಿಸಿದರು. “ಡಬ್ಬಿ ನೋಡಿ ಮೋಸ ಹೋಗಬ್ಯಾಡ್ರಿ, ಡಬ್ಬಿ ಡೂಪ್ಲಿಕೇಟ್ ಬರತಾವು. ನಂಬರ್ ನೋಡ್ರಿ. ಕಡೀ ಎರಡ ಅಂಕಿಗೆ ಐದ ಗುಣಿಸ್ರಿ. 06 ಇದ್ರ?”

“ಮೂವತ್ತು.”

“ನಡುವಿನ ತೂತು 30 ಮಿಲಿಮೀಟರ್. 07 ಇದ್ರ?”

“ಮೂವತ್ತೈದು.”

“ಭೇಷ್” ಎಂದರು. ಬೇವಿನ ಕೆಳಗೆ ಚಹಾ ಕುಡಿಯುತ್ತಿದ್ದ ಡ್ರೈವರುಗಳು ನಕ್ಕರು. ನಾಲ್ಕನೇ ಇಯತ್ತೆಯ ವಿದ್ಯಾರ್ಥಿ ಮಾಸ್ತರನನ್ನು ಪಾಸು ಮಾಡಿದ್ದ.

ಹೊಸದನ್ನು ಕೂರಿಸುವುದನ್ನು ನೋಡಬೇಕು. ಹಬ್ಬಿನೊಳಗೆ ಬಿಗಿಯಾಗಿ ಕಚ್ಚಿಕೊಂಡ ಹಳೆಯ ಕಪ್ಪನ್ನು ಹಿತ್ತಾಳೆಯ ಸಲಾಕೆಯಿಟ್ಟು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಬಡಿದು ಹೊರಡಿಸಿದರು. ಎಸೆಯುವರೇನೋ ಎಂದುಕೊಂಡೆ. ಎಸೆಯಲಿಲ್ಲ. ಹೊಸ ಕಪ್ಪನ್ನು ಬಾಯಿಗಿಟ್ಟು, ಅದರ ಮೇಲೆ ಹಳೆಯದನ್ನು ಬೋರಲು ಇಟ್ಟು, ಹಳೆಯದರ ನೆತ್ತಿಯ ಮೇಲೆ ಸುತ್ತಿಗೆ ಹಾಕಿದರು. ಪೆಟ್ಟು ಹಳೆಯದಕ್ಕೆ, ಒಳಗೆ ಹೋಗುವುದು ಹೊಸದು. ಟಣ್, ಟಣ್, ಟಣ್ ಎಂದು ಬರುತ್ತಿದ್ದ ಸದ್ದು ಒಮ್ಮೆಲೇ ಠಕ್ ಎಂದು ಗಟ್ಟಿಯಾಯಿತು. “ಕೂತಿತು” ಎಂದರು. ಬಗ್ಗಿ ನೋಡಲಿಲ್ಲ, ಕಿವಿಯಲ್ಲೇ ನೋಡಿದ್ದರು.

ಗ್ರೀಸ್ ತುಂಬುವುದು ಅದಕ್ಕಿಂತ ಚೆಂದ. ಎಡ ಅಂಗೈಯಲ್ಲಿ ನಿಂಬೆ ಗಾತ್ರದ ಗ್ರೀಸ್ ಇಟ್ಟುಕೊಂಡು, ಬಲಗೈಯಲ್ಲಿ ಬೇರಿಂಗಿನ ದಪ್ಪ ತುದಿಯನ್ನು ಹಿಡಿದು ಅಂಗೈಗೆ ಒತ್ತಿ ಒತ್ತಿ ಎಳೆಯುತ್ತಾರೆ. ಶ್ಯಾವಿಗೆ ಒರಳಿನಿಂದ ಎಳೆ ಇಳಿದಂತೆ ಉರುಳೆಗಳ ಸಂದಿಯಿಂದ ಆಚೆ ಕಡೆ ಗ್ರೀಸು ಹಣಿಕಿ ಹಾಕುವ ತನಕ. ಹೊರಗೆ ಬಳಿದರೆ ಗ್ರೀಸ್ ಹಚ್ಚಿದಂತಾಗುವುದಿಲ್ಲ; ಹೊಕ್ಕು ಹೊರಬರಬೇಕು. ಕೊನೆಗೆ ನಟ್ಟು. ಹಬ್ಬನ್ನು ತಿರುಗಿಸುತ್ತ ನಟ್ಟನ್ನು ಬಿಗಿದರು, ಬಿಗಿದದ್ದನ್ನು ಮತ್ತೆ ಸಡಿಲ ಬಿಟ್ಟರು, ಆಮೇಲೆ ಬೆರಳಿಗೆ ಸಿಕ್ಕಷ್ಟು ಮಾತ್ರ ಬಿಗಿದು ಪಿನ್ನು ತೂರಿಸಿದರು. ಹೆಚ್ಚು ಬಿಗಿದರೆ ಕಾದು ಸುಡುತ್ತದೆ, ಸಡಿಲ ಬಿಟ್ಟರೆ ಬಡಿದುಕೊಂಡು ಒಡೆಯುತ್ತದೆ. ಇಂಥ ಕಡೆ ಒಳ್ಳೆಯ ಪ್ರಬಂಧಕಾರ ಸಂಸಾರದ ಮಾತು ತೆಗೆಯುತ್ತಾನೆ. ನಾನು ಮನೆಗೆ ಹೋಗಿ ಊಟ ಮಾಡಬೇಕಾದವನು, ತೆಗೆಯುವುದಿಲ್ಲ.

ಇನ್ನು ಬ್ರೇಕು. ಮುಂದಿನ ಪ್ಯಾಡುಗಳು ಹಪ್ಪಳದಷ್ಟಾಗಿದ್ದವು. ಹಿಂದಿನ ಡ್ರಮ್ಮು ಬಿಟ್ಟುಕೊಡಲಿಲ್ಲ. ಸವೆದು ಸವೆದು ಅಂಚಿನಲ್ಲಿ ಬದುವು ಎದ್ದು ಲೈನರುಗಳನ್ನು ಒಳಗೇ ಕಟ್ಟಿ ಹಾಕಿತ್ತು. ಅಡ್ಜಸ್ಟರ್ ಸಡಿಲಿಸಿ, ಮರದ ತುಂಡು ಅಡ್ಡವಿಟ್ಟು ಸುತ್ತಲೂ ಬಡಿದ ಮೇಲೆ ಡ್ರಮ್ಮು ಬಂತು, ಜೊತೆಗೆ ಒಂದು ಹಿಡಿ ಕರಿ ಧೂಳು. ಊದಲು ಬಗ್ಗಿದ ಹುಡುಗನ ಹೆಗಲಿಗೆ ಮಿಸ್ತ್ರಿ ಒಂದು ಬಿಟ್ಟರು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಪುಪ್ಪುಸಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಒದ್ದೆ ಅರಿವೆಯಿಂದ ಒರೆಸಬೇಕು. ಒರೆಸಿದಾಗ ಕಂಡದ್ದು: ಲೈನರು ರಿವಿಟ್ಟಿನ ತಲೆಯ ತನಕ ಸವೆದು, ಹಿತ್ತಾಳೆಯ ರಿವಿಟ್ಟುಗಳು ಡ್ರಮ್ಮಿನ ಹೊಟ್ಟೆಯಲ್ಲಿ ಗ್ರಾಮಾಫೋನ್ ತಟ್ಟೆಯಂತೆ ಗೀರು ಕೊರೆದಿದ್ದವು. ಹಾಡು ಮುಂದೆ, ತಟ್ಟೆ ಹಿಂದೆ. ಡ್ರಮ್ಮನ್ನು ಲೇತಿಗೆ ಕಳಿಸಿ ನಯಮಾಡಿಸಿದೆವು. ಎಷ್ಟರ ತನಕ ಹೆರೆಯಬಹುದೆಂಬುದನ್ನು ಡ್ರಮ್ಮಿನ ಮೈಮೇಲೆಯೇ ಎರಕ ಹೊಯ್ದಿರುತ್ತಾರೆ.

ಲೇತಿನಿಂದ ಡ್ರಮ್ಮು ಬರುವ ತನಕ ಕೂತಿದ್ದಾಗ ನಿಲ್ಲಿಸುವ ವಿದ್ಯೆಯ ಬಗ್ಗೆ ಯೋಚನೆ ಹತ್ತಿತು. ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ಗಾಡಿ ಅಂದರೆ ತೇರು. ಗಜೇಂದ್ರಗಡದ ಹತ್ತಿರ ಕಾಲಕಾಲೇಶ್ವರನ ಜಾತ್ರೆಯಲ್ಲಿ ತೇರು ಎಳೆಯುವವರು ನೂರಾರು ಮಂದಿ. ಮಿಣಿ ಮುಟ್ಟಿದವರೆಲ್ಲ ಮುಂದೆ ನೋಡಿ ಎಳೆಯುತ್ತಾರೆ, ಉತ್ತತ್ತಿ ಬಾಳೆಹಣ್ಣು ಎಸೆಯುವವರು ಮೇಲೆ ಕಳಸ ನೋಡುತ್ತಾರೆ. ಗಾಲಿಯನ್ನು ನೋಡುವವರು ಸನ್ನೆ ಹಾಕುವ ನಾಲ್ಕೈದು ಜನ ಮಾತ್ರ. ಉರುಳುತ್ತಿರುವ ಗಾಲಿಯ ಪಕ್ಕಕ್ಕೇ ಬಗ್ಗಿ ನಡೆಯುತ್ತ, ಬೇಕಾದ ಕ್ಷಣಕ್ಕೆ ಮರದ ತುಂಡನ್ನು ಅದರ ಬಾಯಿಗಿಟ್ಟು ತೇರನ್ನು ಹೊರಳಿಸುವವರು, ನಿಲ್ಲಿಸುವವರು. ತೇರು ಎಳೆದೆ ಎಂದು ಹೇಳಿಕೊಳ್ಳುವವರು ಊರ ತುಂಬ ಸಿಗುತ್ತಾರೆ. ತೇರು ನಿಲ್ಲಿಸಿದೆ ಎಂದು ಹೇಳಿಕೊಂಡವರನ್ನು ನಾನು ಕಂಡಿಲ್ಲ.

ನರಗುಂದದವರು ಇದಕ್ಕೆ ಒಪ್ಪಲಿಕ್ಕಿಲ್ಲ. ಅದು ನಿಲ್ಲಿಸುವುದನ್ನು ಬಲ್ಲ ಊರು. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ರೈತರು ಕರದ ಹೊರೆಯ ವಿರುದ್ಧ ಎದ್ದು ನಿಂತು, ಗೋಲಿಬಾರಿಗೆ ಪ್ರಾಣ ತೆತ್ತ ಊರು. 2015ರಿಂದ ಮಹದಾಯಿ ನೀರಿಗಾಗಿ ಅದೇ ಊರು ವರ್ಷಗಟ್ಟಲೆ ಧರಣಿ ಕೂತಿತು. ಆ ದಿನಗಳಲ್ಲಿ ರಸ್ತೆ ಬಂದಾಗಿ ನಮ್ಮ ಉಳ್ಳಾಗಡ್ಡಿ ಗಾಡಿಯೂ ಅಲ್ಲಿ ನಿಂತದ್ದುಂಟು. ತಮ್ಮ ಗೊಣಗಿದಾಗ ಅಪ್ಪ ಅಂದಿದ್ದರು: “ನಿಂದರೂದು ಸುಮ್ಮನ ಅಲ್ಲಲೇ. ಓಡೂದಕ್ಕಿಂತ ನಿಂದರಾಕ ಹೆಚ್ಚಿಂದು ತಾಕತ್ತ ಬೇಕು.” ಬ್ರೇಕಿಗೂ ಈ ಮಾತು ಸುಳ್ಳಲ್ಲ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. ಓಡಿದ್ದಷ್ಟನ್ನೂ ಶಾಖ ಮಾಡಿ ತನ್ನ ಮೈಗೆ ಹಚ್ಚಿಕೊಳ್ಳುವುದೇ ಅದರ ಕೆಲಸ.

ಕೊನೆಯ ಪಾಠ ಏರ್ ತೆಗೆಯುವುದು. ಹಳೆಯ ಬ್ರೇಕ್ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿತ್ತು. ಅದು ಉಪ್ಪಿನ ಜಾತಿಯದು, ಗಾಳಿಯ ತೇವ ಹೀರುತ್ತದೆ. ಸಾಮಾನ್ಯ ದರ್ಜೆಯ ಹೊಸ ಆಯಿಲ್ 205 ಡಿಗ್ರಿಯ ತನಕ ಕುದಿಯುವುದಿಲ್ಲ. ನೀರು ಕುಡಿದದ್ದು 140ಕ್ಕೇ ಕುದಿಯಬಹುದು. ಕುದ್ದರೆ ಆವಿ, ಆವಿಯನ್ನು ಒತ್ತಿದರೆ ಅದು ತಾನೇ ಕುಗ್ಗುತ್ತದೆ, ಗಾಲಿಗೆ ಸುದ್ದಿ ಮುಟ್ಟುವುದಿಲ್ಲ. ನನ್ನನ್ನು ಸೀಟಿನಲ್ಲಿ ಕೂರಿಸಿ ಮಿಸ್ತ್ರಿ ಗಾಡಿಯ ಕೆಳಗೆ ತೂರಿದರು. ಕೆಳಗಿನಿಂದ ಧ್ವನಿ ಮಾತ್ರ: “ಒತ್ತು.” ಒತ್ತಿದೆ. “ಹಿಡಿ.” ಹಿಡಿದೆ. ನಿಪ್ಪಲ್ ಬಿಚ್ಚಿದಾಗ ಪೆಡಲ್ ಮೆತ್ತಗೆ ಕೆಳಗಿಳಿಯಿತು, ಬಾಟಲಿಯಲ್ಲಿ ಗುಳುಗುಳು ಗುಳ್ಳೆ. “ಬಿಡು.” ಬಿಟ್ಟೆ. ದೂರದ ಗಾಲಿಯಿಂದ ಶುರುವಾಗಿ ಹತ್ತಿರದ ಗಾಲಿಗೆ ಬರುವ ಹೊತ್ತಿಗೆ ಮಿಸ್ತ್ರಿಯ ಬಾಯಿಂದ ‘ರಿ’ ಬಿದ್ದುಹೋಗಿತ್ತು, ನನ್ನಿಂದ ಮಾಸ್ತರಿಕೆ ಬಿದ್ದುಹೋಗಿತ್ತು. ಒತ್ತು, ಹಿಡಿ, ಬಿಡು. ಒತ್ತು, ಹಿಡಿ, ಬಿಡು. ಒಂದು ಹಂತದಲ್ಲಿ ಪೆಡಲ್ ಕಲ್ಲಿನಂತಾಗಿ ನನ್ನ ಕಾಲನ್ನು ಮೇಲೆಯೇ ತಡೆಯಿತು. ಆಗ ಕಾಲಿಗೆ ನೆನಪಾಯಿತು, ಮೊದಲು ಇದ್ದದ್ದು ಹೀಗೆ.

ಏಳು ಸಾವಿರದ ಚಿಲ್ಲರೆ ಆಯಿತು. ಎಷ್ಟು ಚೀಲ ಉಳ್ಳಾಗಡ್ಡಿ ಎಂದು ಲೆಕ್ಕ ಹಾಕಲಿಲ್ಲ, ಹಾಕಿದರೆ ಊಟ ಸೇರುತ್ತಿರಲಿಲ್ಲ.

ಸಂಜೆ ಗಾಡಿ ನೋಡಲು ಗಜೇಂದ್ರಗಡದ ದಾರಿಯನ್ನೇ ಹಿಡಿದೆ. ಮೊದಲ ತಿರುವಿನಲ್ಲಿ ರೂಢಿಯ ಪ್ರಕಾರ ಬ್ರೇಕನ್ನು ಬಲವಾಗಿ ತುಳಿದೆ. ಗಾಡಿ ನಿಂತಲ್ಲೇ ನಿಂತಿತು, ನನ್ನ ಹಣೆ ಮುಂದಿನ ಕಾಜಿಗೆ ಹೋಗಿ ಬಡಿಯಿತು. ಗಾಡಿ ಸರಿಯಾಗಿತ್ತು, ಕೆಟ್ಟದ್ದು ನನ್ನ ಕಾಲಲ್ಲಿ ಇನ್ನೂ ಉಳಿದಿತ್ತು. ಒಂದು ವಾರ ನಾನು ಹೊಸದಾಗಿ ಕಲಿಯುವವನಂತೆ ಜಗ್ಗುತ್ತ ಮುಗ್ಗರಿಸುತ್ತ ಓಡಿಸಿದೆ.

ಇನ್ನೊಂದು ತೊಂದರೆ, ನಿಶ್ಶಬ್ದ. ಗುಂಯ್ ಎನ್ನುವುದು ನಿಂತೊಡನೆ ಅದರ ಕೆಳಗೆ ಅಡಗಿದ್ದವೆಲ್ಲ ಎದ್ದು ಬಂದವು. ಹಿಂದಿನ ಫಾಳಕದ ಸರಪಳಿ ಝಣ್ ಎನ್ನುತ್ತಿತ್ತು. ಬಾಗಿಲಿನ ಗಾಜು ಪಟಪಟ ಎನ್ನುತ್ತಿತ್ತು. ಎರೆ ಮುಗಿದು ಮಸಾರಿ ಶುರುವಾಗಿ, ಗುಡ್ಡಗಳು ಹತ್ತಿರ ಬಂದಲ್ಲಿ ಗಾಡಿ ನಿಲ್ಲಿಸಿ ಕಿವಿಗೊಟ್ಟೆ. ಗುಡ್ಡದ ಮೇಲಿನ ಗಾಳಿಯಂತ್ರಗಳು, ನಮ್ಮ ಮಂದಿ ಫ್ಯಾನ್ ಎನ್ನುವಂಥವು, ಸುಂಯ್ ಸುಂಯ್ ಎಂದು ತಿರುಗುತ್ತಿದ್ದವು. ಅಷ್ಟು ವರ್ಷ ಆ ದಾರಿಯಲ್ಲಿ ತಿರುಗಾಡಿದರೂ ಅವಕ್ಕೆ ಸದ್ದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ದೀಪಾವಳಿ ಅಮಾಸಿ ಬಂತು. ನಮ್ಮಲ್ಲಿ ಅಮಾಸಿಗೊಮ್ಮೆ ಗಾಡಿಗೆ ಪೂಜೆ. ತಮ್ಮ ಗಾಡಿ ತೊಳೆದು (ಹಳ್ಳದಲ್ಲಲ್ಲ, ಮನೆಯ ಮುಂದೆ ಕೊಡದ ನೀರಿನಲ್ಲಿ) ವಿಭೂತಿ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಕೈಯಲ್ಲಿ ಹಿಡಿದು ನಿಂತ. ಅಪ್ಪ ಕಟ್ಟೆಯಿಂದ ಇಳಿದು ಕೋಲೂರಿಕೊಂಡು ಬಂದರು.

“ತಡಿ. ಮೊದಲ ಜಾಕ್ ಹಚ್ಚು.”

ಹಚ್ಚಿದ. ಅಪ್ಪ ಕೋಲನ್ನು ನನಗೆ ಕೊಟ್ಟು, ನೆತ್ತಿಗೊಂದು ಕೈ ಬುಡಕ್ಕೊಂದು ಕೈ ಹಿಡಿದು ಗಾಲಿಯನ್ನು ಅಲ್ಲಾಡಿಸಿದರು. ನಾಲ್ಕೂ ಗಾಲಿ ಮುಗಿಯುವ ತನಕ ನಿಂಬೆಹಣ್ಣು ಕಾಯ್ದಿತ್ತು. ಆಮೇಲೆ ನನ್ನನ್ನು ಸೀಟಿಗೆ ಹತ್ತಿಸಿ ಬ್ರೇಕ್ ತುಳಿಸಿ, ಪೆಡಲ್ ಎಲ್ಲಿ ನಿಲ್ಲುತ್ತದೆ ಎಂದು ಬಗ್ಗಿ ತಮ್ಮ ಬೆರಳಿನಿಂದ ಅಳೆದರು. “ಹೂಂ. ಈಗ ಕಾಯಿ ಒಡಿ.”

ಛಟ್ಟಿ ಅಮಾಸಿಗೂ ಹಾಗೇ ಆಯಿತು. ಎಳ್ಳಮಾಸಿ ಬಂದಾಗ ಬೀಗರನ್ನು ಹೊಲಕ್ಕೆ ಚರಗಕ್ಕೆ ಕರೆದಿದ್ದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹೋಳಿಗೆಯ ಬುಟ್ಟಿಗಳನ್ನು ಹೊತ್ತುಕೊಂಡು ಹೆಂಗಸರು, ಮಕ್ಕಳು ಪಿಕಪ್ ಹತ್ತಲು ಅವಸರ ಮಾಡುತ್ತಿದ್ದರು. ಅಪ್ಪ ಮಾತ್ರ ಯಾರಿಗೂ ಹತ್ತಗೊಡದೆ ಮುಂದಿನ ಎಡಗಾಲಿಯನ್ನು ಹಿಡಿದು ಅಲ್ಲಾಡಿಸುತ್ತಿದ್ದರು. ಬೀಗರು ಹೆಗಲ ವಸ್ತ್ರ ಸರಿಮಾಡಿಕೊಂಡು ಅದನ್ನೇ ನೋಡುತ್ತ ನಿಂತರು. ಅಪ್ಪನ ಹತ್ತಿರ ಕೇಳುವುದು ಸರಿಯಲ್ಲವೆಂದು ನನ್ನತ್ತ ತಿರುಗಿದರು.

“ಮಾಸ್ತರ, ಇದೇನ್ರಿ, ಪೂಜೆದಾಗ ಗಾಲಿ ಅಲ್ಲಾಡಸೂದು?”

“ನಮ್ಮ ಮನ್ಯಾಗ ಮೊದಲಿನಿಂದ ಹಂಗ ಐತ್ರಿ” ಎಂದೆ.